ಚೌಕಟ್ಟಿಗೆ ರೆಸಿನ್ ಮೆತ್ತೋಕೆ ಮುಂಚೆ

ಅಳಿಯಾ,

ಫೋಟೋ ನೋಡ್ದೆ ಕಣೋ. ಮುಂಬಾಗಿಲ ಚೌಕಟ್ಟು ಹೊಸ್ತಿಲ ಹತ್ರ ಕೊಳೆತಿದೆ, ಕಿತ್ತಾಕಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟು ಹಾಕ್ಸಿ ಅಂತ ಕಾರ್ಪೆಂಟರ್ ಹೇಳ್ದ ಅಂದ್ಯಲ್ಲ, ಸ್ವಲ್ಪ ತಡಿ. ನಿಮ್ ತಾತ ಮಲ್ಲೇಶ್ವರದ ಆ ಮನೆ ಕಟ್ಟಿಸ್ದಾಗ ಹಾಕಿದ ತೇಗ ಅದು, ಈಗ ಆ ಥರ ಮರ ಹುಡುಕ್ಕೊಂಡ್ ಹೋದ್ರೆ ರೇಟ್ ಕೇಳಿ ವಾಪಸ್ ಬರ್ತೀಯ. ಹೋಗಿರೋದು ಕೆಳಗಿನ ಒಂದ್ ಗೇಣು. ಎಪಾಕ್ಸಿ, ಅಂದ್ರೆ ಹಾರ್ಡ್‌ನರ್ ಜೊತೆ ಕಲಸಿದ್ರೆ ಗಟ್ಟಿ ಆಗೋ ರೆಸಿನ್ ಅಂಟು, ತುಂಬಿ ಉಳಿಸ್ಕೋಬಹುದು, ಆದ್ರೆ ಇವತ್ತೇ ಡಬ್ಬ ತಂದು ಮೆತ್ಬೇಡ.

ನಾನು ಹಂಗೇ ಮಾಡಿ ಕೆಟ್ಟಿದ್ದೀನಿ. ಹಿಂದಿನ ಕಿಟಕಿಗೆ ಮಳೆಗಾಲದಲ್ಲೇ ಅವಸರವಾಗಿ ತುಂಬಿ, ಉಜ್ಜಿ, ಪೇಂಟ್ ಹೊಡ್ದು, ಅಕ್ಕಂಗೂ ಕರ್ದು ತೋರಿಸಿ ಬೀಗಿದ್ದೆ. ಮುಂದಿನ್ ವರ್ಷ ಉಗುರು ಹಾಕಿದ್ರೆ ಇಡೀ ತೇಪೆ ಹಪ್ಪಳದ ಥರ ಎದ್ದು ಬಂತು, ಒಳಗಡೆ ಮರ ನೆನೆಸಿಟ್ಟ ಅವಲಕ್ಕಿ. ರೆಸಿನ್ ಕಲ್ಲಿನ ಹಾಗೇ ಇತ್ತು, ಅದು ಹಿಡ್ಕೊಂಡಿದ್ದ ಮರ ಕೊಳೆತುಹೋಗಿತ್ತು.

ಅದಕ್ಕೇ ಮೊದ್ಲು ನೀರು ಎಲ್ಲಿಂದ ಬರ್ತಿದೆ ನೋಡು. ನಿಮ್ಮನೇಲಿ ಬೆಳಿಗ್ಗೆ ಬೆಳಿಗ್ಗೆ ರಂಗೋಲಿಗೆ ಅಂತ ಬಾಗಿಲಿಗೆ ಚೊಂಬುಗಟ್ಲೆ ನೀರು ಎರಚ್ತಾರಲ್ಲ, ನಂಗೆ ಅದ್ರ ಮೇಲೇ ಅನುಮಾನ. ಹೊಸ್ತಿಲು ಒದ್ದೆ ಬಟ್ಟೇಲಿ ಒರೆಸಿದ್ರೆ ಲಕ್ಷ್ಮಿ ಏನೂ ಬೇಜಾರ್ ಮಾಡ್ಕೊಳ್ಳಲ್ಲ. ಗೆದ್ದಲು ಇದ್ರೆ ಮೊದ್ಲು ಅದಕ್ಕೆ ಔಷಧಿ.

ಆಮೇಲೆ ಸ್ಕ್ರೂಡ್ರೈವರ್ ತಗೊಂಡು ಚುಚ್ತಾ ಹೋಗು, ಎಲ್ಲಿವರ್ಗೂ ಮೆತ್ತಗೆ ಇಳಿಯತ್ತೋ ಅಷ್ಟೂ ಉಳಿ ಹಿಡ್ದು ಕೆತ್ತಿ ತೆಗಿ, ದೊಡ್ಡ ಗುಂಡಿ ಆಯ್ತಲ್ಲಪ್ಪ ಅಂತ ಕೈ ಹಿಂದೆ ತೆಗೀಬೇಡ. ಒಣಗಕ್ಕೆ ಬಿಡು, ಫೆಬ್ರವರಿ ಮಾರ್ಚ್ ಬಿಸಿಲು ಸಿಕ್ರೆ ಒಳ್ಳೇದು. ತೇವ ಶೇಕಡ 20ಕ್ಕಿಂತ ಕಮ್ಮಿ ಇದ್ರೆ ಮರ ಕೊಳೆಸೋ ಬೂಷ್ಟು ಬೆಳೆಯಲ್ಲ. ಕೆಳಭಾಗ ಅರ್ಧಕ್ಕಿಂತ ಜಾಸ್ತಿ ಹೋಗಿದ್ರೆ ಮಾತ್ರ ರೆಸಿನ್ ಆಸೆ ಬಿಡು, ಹೊಸ ತೇಗದ ತುಂಡು ಕೂರಿಸಿ ಜೋಡಿಸಕ್ಕೆ ಹೇಳು.

ರೆಸಿನ್, ಹಾರ್ಡ್‌ನರ್ ಎರಡೂ ಡಬ್ಬದ ಮೇಲಿರೋ ಅಳತೇಲೇ ಕಲಸು, ಕಣ್ಣಂದಾಜಲ್ಲಿ ಬೇಡ, ಹೆಚ್ಚುಕಮ್ಮಿ ಆದ್ರೆ ವಾರ ಆದ್ರೂ ಅಂಟಂಟೇ. ಜಾಸ್ತಿ ಒಟ್ಟಿಗೆ ಲೋಟದಲ್ಲಿ ಕಲಸಿದ್ರೆ ಅದೇ ಕಾದು ಕೈ ಸುಡತ್ತೆ, ಅಲ್ಲೇ ಗಟ್ಟಿ ಆಗ್ಬಿಡತ್ತೆ, ಸ್ವಲ್ಪ ಸ್ವಲ್ಪ ಮಾಡ್ಕೋ. ಮೊದ್ಲು ತೆಳ್ಳಗಿರೋ ರೆಸಿನ್ ಬ್ರಷ್ಷಲ್ಲಿ ಹಚ್ಚು, ಮರ ಕುಡೀಲಿ. ಅದು ಇನ್ನೂ ಅಂಟಂಟಾಗಿರೋವಾಗ್ಲೇ ರೆಸಿನ್‌ಗೆ ನುಣ್ಣಗಿನ ಮರದ ಹೊಟ್ಟು ಕಲಸಿದ ಗಟ್ಟಿ ಪುಟ್ಟಿ ಪದರ ಪದರವಾಗಿ ಒತ್ತು. ಗ್ಲೌಸ್ ಹಾಕ್ಕೋ, ನಂಗೆ ಬೆರಳೆಲ್ಲ ತುರಿಕೆ ಬಂದಿತ್ತು.

ಒಂದ್ ದಿನ ಬಿಟ್ಟು ಎಮರಿ ಪೇಪರ್ ಉಜ್ಜಿ ಪೇಂಟ್ ಹೊಡಿ. ಪಾಲಿಶ್ ಆಸೆ ಬೇಡ, ತೇಪೆ ಜಾಗ ಬಣ್ಣ ಕುಡಿಯಲ್ಲ, ಎದ್ದು ಕಾಣತ್ತೆ, ಬಿಸಿಲಿಗೆ ಎಪಾಕ್ಸಿ ಹಳದಿ ಬೇರೆ ತಿರುಗತ್ತೆ.

ನನ್ನ ಹಳೇ ಅರ್ಧ ಇಂಚಿನ ಉಳಿ ಸಾಣೆ ಹಿಡ್ಸಿಟ್ಟಿದ್ದೀನಿ, ಭಾನುವಾರ ಬಂದು ತಗೊಂಡ್ ಹೋಗು, ವಾಪಸ್ ಕೊಡು ಮಾತ್ರ.

ಇಂತಿ,
ನಿನ್ನ ಮಾವ