ಆನೆ ಕಥೆ ಹೇಳಿದ ಹುಡುಗ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿಮ್ಮ ಮೂಡಿಗೆರೆ ಕಡೆ ಮಳೆ ಜೋರಂತೆ, ಇಲ್ಲಿ ಹಾಸನದಲ್ಲಿ ಬರೀ ಮೋಡ. ಹೋದ ಭಾನುವಾರ ಮಗಳನ್ನು ಪುಸ್ತಕ ಮೇಳಕ್ಕೆ ಕರ್ಕೊಂಡು ಹೋಗಿದ್ದೆ. ಅಲ್ಲಿ ನೋಡಿದ್ದನ್ನು ನಿನಗೆ ಹೇಳಲೇಬೇಕು.

ಮಕ್ಕಳಿಗೆ ಕಥೆ ಹೇಳೋಕೆ ಅಂತ ಒಂದು ಮೂಲೆಯಲ್ಲಿ ಜಮಖಾನ ಹಾಸಿದ್ದರು. ಒಬ್ಬ ಮೇಡಂ ಕಾಡಿನ ಕಥೆ ಶುರು ಮಾಡಿದರು. ಕಥೆಯಲ್ಲಿ ಆನೆ ಬಂತು ನೋಡು, ಸಕಲೇಶಪುರ ಕಡೆಯ ಒಬ್ಬ ಹುಡುಗ ಎದ್ದು ನಿಂತು, 'ಮಿಸ್, ಆನೆ ಹಂಗೆಲ್ಲ ಬರಲ್ಲ, ಮೊದಲು ನಾಯಿ ಬೊಗಳ್ತವೆ' ಅಂದ. ಬೇರೆಯವರಾಗಿದ್ದರೆ ಕೂರು ಅಂತಿದ್ದರೇನೋ. ಆ ಮೇಡಂ ತಮ್ಮ ಕಥೆ ಅಲ್ಲಿಗೇ ನಿಲ್ಲಿಸಿ, 'ಹಂಗಾದ್ರೆ ನೀನೇ ಹೇಳಪ್ಪ' ಅಂತ ಮೈಕು ಕೊಟ್ಟರು. ರಾತ್ರಿ ಕಾಫಿ ತೋಟಕ್ಕೆ ಆನೆ ನುಗ್ಗಿದ್ದು, ಅವರಪ್ಪ ಲೈಟ್ ಆರಿಸಿದ್ದು, ಬೈನೆ ಮರ ಮುರಿದ ಸದ್ದು, ಬೆಳಿಗ್ಗೆ ಹೆಜ್ಜೆ ಗುರುತಿನಲ್ಲಿ ನಿಂತಿದ್ದ ನೀರು, ಎಲ್ಲವನ್ನೂ ಹೇಳಿದ. ಕೂತಿದ್ದ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಕಥೆ ಮುಗಿಸಿದವನೇ ಸೀದಾ ಮಳಿಗೆಗೆ ಹೋಗಿ, ಆನೆ ಪುಸ್ತಕ ಯಾವುದಿದೆ ಅಂತ ಕೇಳಿದ!

ನನಗೆ ಅನ್ನಿಸಿದ್ದು ಇಷ್ಟು. ತನ್ನ ಮಾತನ್ನೂ ನಾಲ್ಕು ಜನ ಕೇಳ್ತಾರೆ ಅಂತ ಗೊತ್ತಾದ ಮಗುವಿಗೆ ಬೇರೆಯವರ ಕಥೆ ಓದೋ ಆಸೆ ತಾನಾಗೇ ಬರುತ್ತೆ. ಓದು ಓದು ಅಂತ ಬೈದರೆ ಬರಲ್ಲ. ಅದೇ ಮೇಳದಲ್ಲಿ ಮಗು ಹಿಡಿದ ಚಿತ್ರದ ಪುಸ್ತಕ ಕಿತ್ತಿಟ್ಟು, ಜಿಕೆ ಪುಸ್ತಕ ಕೊಡಿಸಿದವರನ್ನೂ ನೋಡಿದೆ. ಹೊಟ್ಟೆ ಉರಿಯಿತು. ಅವತ್ತೊಂದು ದಿನವಾದರೂ ಮಗು ಕೇಳಿದ್ದನ್ನು ಕೊಡಿಸಬಹುದು, ಅಲ್ವಾ?

2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಇದೇ ಹಾಸನದವರು ಅಂದಾಗ ಮಗಳು, 'ನಮ್ಮೂರೋರಾ?' ಅಂತ ಎರಡು ಸಲ ಕೇಳಿದಳು. ಬರೆಯುವವರು ಎಲ್ಲೋ ದೂರದಲ್ಲಿರ್ತಾರೆ ಅಂದುಕೊಂಡಿದ್ದಳು ಪಾಪ. ಈಗ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲೆಲ್ಲ ಅವಳದೇ ಕಥೆ. ಕಾಗುಣಿತ ತಪ್ಪಿದ್ದರೂ ನಾನು ತಿದ್ದೋಕೆ ಹೋಗಿಲ್ಲ.

ಆದರೆ ಮೇಳ ನಾಲ್ಕು ದಿನದ್ದು, ಅದೂ ಪೇಟೆಯಲ್ಲಿ. ನಿಮ್ಮೂರಿನ ಮಕ್ಕಳು ಬಸ್ ಹಿಡಿದು ಬರೋದು ಸುಲಭ ಅಲ್ಲ. ನಿಮ್ಮ ಪಂಚಾಯಿತಿ ಲೈಬ್ರರಿ ಇದೆಯಲ್ಲ, ಈಗ ಅರಿವು ಕೇಂದ್ರ ಅಂತಾರೆ, ಅಲ್ಲಿ ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ. ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್‌ನಲ್ಲಿ ಚಿತ್ರಗಳಿರೋ ಕನ್ನಡದ ಕಥೆಗಳು ಬಿಟ್ಟಿಯಾಗೇ ಸಿಗ್ತವೆ, ಪ್ರಿಂಟ್ ಕೂಡ ತೆಗೆಯಬಹುದು. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳಿಗೂ ಜಾಸ್ತಿ ದುಡ್ಡು ಬೇಕಾಗಲ್ಲ. ನಿಮ್ಮ ಲೈಬ್ರರಿಯಲ್ಲೇ ಮಕ್ಕಳನ್ನು ಸೇರಿಸೋಣ, ಶನಿವಾರ ಸಂಜೆ ಒಂದು ಗಂಟೆ ಹೊತ್ತು ಸಾಕು. ಅರ್ಧ ಗಂಟೆ ನಾವು ಓದಿ ಹೇಳೋಣ, ಉಳಿದರ್ಧ ಮಕ್ಕಳು ಹೇಳಲಿ. ನಿಮ್ಮಮ್ಮನಿಗೆ ಎಷ್ಟು ಕಥೆ ಬರುತ್ತೆ ಅಂತ ನನಗೆ ಗೊತ್ತು, ಅವರನ್ನೂ ಕೂರಿಸು.

ನೀನು ಅಲ್ಲಿನ ಗ್ರಂಥಪಾಲಕರ ಹತ್ತಿರ ಮಾತಾಡಿಡು. ಮೇಳದಲ್ಲಿ ಕೊಂಡ ಪುಸ್ತಕಗಳ ಒಂದು ಕಟ್ಟು ಇಟ್ಟಿದ್ದೇನೆ, ಮಳೆ ಸ್ವಲ್ಪ ಬಿಟ್ಟ ಮೇಲೆ ಮಗಳ ಜೊತೆ ಬಂದು ಕೊಡ್ತೇನೆ.

ನಿನ್ನ ಗೆಳೆಯ