ಸರ್‌ನೇಮ್ ಎಲ್ಲಿಂದ ತರೋಣ?

ಮಾನ್ಯ ಸಂಪಾದಕರೇ,

ಸೋಮವಾರ ಆನ್‌ಲೈನ್ ಅರ್ಜಿ ಹಾಕುವ ಕೌಂಟರಿನಲ್ಲಿ ಸರ್ವರ್ ಕೈಕೊಟ್ಟು ಜನ ಪರದಾಡಿದರು ಎಂಬ ನಿಮ್ಮ ವರದಿ ಓದಿದೆ. ಆ ಕ್ಯೂನಲ್ಲಿ ನಾನೂ ಇದ್ದೆ. ಸರ್ವರ್ ಪಾಪ ಚೆನ್ನಾಗೇ ಇತ್ತು. ಅದರ ಮೇಲೆ ಸುಮ್ನೆ ಗೂಬೆ ಕೂರಿಸಬೇಡಿ.

ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್ ಇವೆ. ಒಂದು ಊರಿಂದು, ಒಂದು ಅಪ್ಪಂದು. ನಮ್ಮ ಕಡೆ ಜಾಸ್ತಿ ಜನರ ಹೆಸರು ಹೀಗೇ ಅಲ್ವಾ? ಕಂಪ್ಯೂಟರಿಗೆ ಮಾತ್ರ ಸರ್‌ನೇಮ್ ಬೇಕಂತೆ. ಒಂದಕ್ಷರ ಹಾಕಿದರೆ ಕೆಂಪು ಗೆರೆ. ಖಾಲಿ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ. ಅಪ್ಪನ ಹೆಸರು ಪೂರ್ತಿ ಹಾಕಿದರೆ ಆಧಾರ್‌ಗೆ ತಾಳೆ ಆಗಲ್ಲ ಎಂದು ಕೌಂಟರಿನ ಹುಡುಗನೇ ಹೆದರಿಸಿದ. ಕೊನೆಗೆ, 'ಯಜಮಾನ್ರೇ, ನಿಮ್ಮ ಹೆಸರನ್ನೇ ಎರಡು ಸಲ ಹೊಡೀತೀನಿ, ತಗೊಳ್ಳುತ್ತೆ' ಅಂದ. ತಗೊಂಡಿತು! ಪ್ರಿಂಟ್ ಹಿಡಿದು ಬ್ಯಾಂಕಿಗೆ ಹೋದರೆ, ಇದು ನೀವಲ್ಲ ಅಂದರು.

ಮನೆಯವಳ ಅರ್ಜಿಯದು ಇನ್ನೊಂದು ಕಥೆ. ಆಕೆಗೆ ಬೇರೆ ಫೋನ್ ಇಲ್ಲ, ಇರುವುದು ಬೆಂಗಳೂರಿನ ಮಗನ ನಂಬರ್. ಒಟಿಪಿ ಹೋದಾಗ ಅವನು ಮೀಟಿಂಗಿನಲ್ಲಿದ್ದ. ಅವನು ನೋಡುವಷ್ಟರಲ್ಲಿ ಅದರ ಆಯಸ್ಸು ಮುಗಿದಿತ್ತು. (ಅವನೂ ಸಾಫ್ಟ್‌ವೇರೇ ಮಾಡುವುದು.) ಹೆಬ್ಬೆಟ್ಟಾದರೂ ಆಗಲಿ ಎಂದರೆ, ತವರು ಚನ್ನಗಿರಿ ಕಡೆ, ಅಡಿಕೆ ಸುಲಿದು ಸುಲಿದು ಬೆರಳಿನ ಗೆರೆ ಸವೆದಿದೆ. 'ತಲೆಗೂದಲಿಗೆ ಉಜ್ಜಿ ಒತ್ತಿ ಅಮ್ಮಾ, ಎಣ್ಣೆ ಪಸೆಗೆ ಬರುತ್ತೆ' ಅಂದ ಹುಡುಗ. ಏಳು ಸಲ ಉಜ್ಜಿದಳು. ಹಿಂದೆ ನಿಂತವರು ನಗುತ್ತಿದ್ದರು. ಆಧಾರ್‌ಗೆ ಕಣ್ಣಿನ ಗುರುತೂ ತಗೊಂಡಿದ್ದಾರಲ್ಲ, ಅದನ್ನು ನೋಡುವ ಮೆಷೀನ್ ಅಲ್ಲಿರಲಿಲ್ಲ.

ಎಲ್ಲರಿಗೂ ಸರ್‌ನೇಮ್ ಇರುತ್ತೆ, ತಲೆಗೊಂದು ಫೋನ್ ಇರುತ್ತೆ, ಬೆರಳು ನುಣ್ಣಗಿರದೆ ಗೆರೆಗೆರೆಯಾಗಿರುತ್ತೆ ಎಂದು ಈ ಸಾಫ್ಟ್‌ವೇರ್ ಮಾಡಿದವರಿಗೆ ಹೇಳಿದವರು ಯಾರು? ಒಂದು ದಿನ ಮಂಡಿಪೇಟೆಯಲ್ಲಿ ನಿಂತು ನಾಲ್ಕು ಜನರ ಹೆಸರು ಕೇಳಿದ್ದರೆ ಸಾಕಿತ್ತು.

2016ರಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲೇ ದಾವಣಗೆರೆ ಬಂದಾಗ ನಾವೂ ಖುಷಿಪಟ್ಟಿದ್ದೆವು. ನಮ್ಮ ಬೀದಿಯ ಚರಂಡಿಗೆ ಚಪ್ಪಡಿ ಹಾಕಿ ಎಂದು ಅರ್ಜಿ ಕೊಟ್ಟು ಎರಡು ಮಳೆಗಾಲ ಕಳೆಯಿತು. ಆಪ್‌ನಲ್ಲಿ ಹಾಕಿ ಅಂದರು. ಹಾಕಿದೆ. 'ದೂರು ಪರಿಹರಿಸಲಾಗಿದೆ' ಎಂದು ಮೆಸೇಜ್ ಬಂತು. ಚಪ್ಪಡಿ ಬರಲಿಲ್ಲ. ಮೊನ್ನೆ ಅದೇ ಚರಂಡಿಗೆ ಎಮ್ಮೆಕರು ಬಿತ್ತು. ಅದಕ್ಕೂ ಸರ್‌ನೇಮ್ ಇರಲಿಲ್ಲ.

ಆ ಕಾಲಂ ತೆಗೆಯಲಿ, ಇಲ್ಲವೇ ಮನೆಗೊಂದು ಸರ್‌ನೇಮ್ ಅವರೇ ಹಂಚಲಿ. ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕು. ಆಗದಿದ್ದರೆ ಚರಂಡಿ ಕಡೆಗಾದರೂ ಹರಿಸಲಿ.

— ನೊಂದ ಹಿರಿಯ ನಾಗರಿಕ, ನಿಟುವಳ್ಳಿ, ದಾವಣಗೆರೆ