ರೂಟರ್‌ಗೆ ಪೆನ್ ಡ್ರೈವ್ ಸಾಕಾ, ಎಸ್‌ಎಸ್‌ಡಿ ಬೇಕಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮನೆಯ ವೈಫೈ ರೂಟರ್‌ನ ಹಿಂದಿರುವ ಯುಎಸ್‌ಬಿ ಪೋರ್ಟಿಗೆ ಹಳೇ ಪೆನ್ ಡ್ರೈವ್ ಸಿಕ್ಕಿಸಿದರೆ ಮನೆಮಂದಿಗೆಲ್ಲ ಫೋಟೊ, ಹಾಡು, ಸಿನಿಮಾ ಸಿಗುತ್ತದೆ ಎಂದು ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಬಂದಿತ್ತು. ಓದಿ ಖುಷಿಯಾಯಿತು. ಆ ಪೋರ್ಟ್ ಯಾಕಿದೆ ಅಂತಲೇ ಎಷ್ಟೋ ಮನೆಯವರಿಗೆ ಗೊತ್ತಿಲ್ಲ. ಆದರೆ ಬರಹದ ಕೊನೆಗೆ ಒಂದು ಸಾಲಿತ್ತು: ಇನ್ನೂ ವೇಗ ಬೇಕಿದ್ದರೆ ಎಸ್‌ಎಸ್‌ಡಿ ಹಾಕಿ ಅಂತ. ಎಸ್‌ಎಸ್‌ಡಿ ಅಂದರೆ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕಿನ ಬದಲು ಈಗ ಹಾಕುವ, ಚಿಪ್ಪಿನಿಂದ ಮಾಡಿದ ಡಿಸ್ಕ್. ನನ್ನ ತಕರಾರು ಅಲ್ಲೇ. ರೂಟರ್‌ಗೆ ಎಸ್‌ಎಸ್‌ಡಿ ಹಾಕುವುದು ಬಾಳಿಕೆಗೆ. ವೇಗದ ಆಸೆಗೆ ಹಾಕಿದರೆ ದುಡ್ಡು ದಂಡ.

ನಾನು ಫೋರ್ಟ್ ಕಡೆ ಹೋಟೆಲಿನಲ್ಲಿ ಹಗಲು ಕೆಲಸ ಮಾಡಿ, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರ ರಿಪೇರಿ ಮೇಜಿಗೆ ಬಂದವನು. ಈಗ ಡೊಂಬಿವಲಿಯ ಮನೆಯಲ್ಲೇ ಕೂತು ಪರಿಚಯದವರ ಕಂಪ್ಯೂಟರ್, ಕ್ಯಾಮರಾ ನೋಡಿಕೊಡುತ್ತೇನೆ. ನಿಮ್ಮ ಪುರವಣಿ ಬಂದ ಮೇಲೆ ಫೋನು ಸುಮ್ನೆ ಇಲ್ಲ. ‘ಭಾವ, ಎಷ್ಟು ಜಿಬಿಯ ಪೆನ್ ಡ್ರೈವ್ ತಗೊಳ್ಳಲಿ?’ ಅಂತ ಎಲ್ಲರದ್ದೂ ಒಂದೇ ಪ್ರಶ್ನೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿ ಈ ಪತ್ರ.

ಎಷ್ಟು ಜಿಬಿ ಅನ್ನುವುದು ಆಮೇಲಿನ ಮಾತು. ಮೊದಲು ಕೇಳಬೇಕಾದದ್ದು ಇದು: ಅದರ ಮೇಲೆ ದಿನಕ್ಕೆ ಎಷ್ಟು ಸಲ ಬರೆಯುತ್ತೀರಿ, ಅಂದರೆ ಹೊಸದಾಗಿ ಫೈಲ್ ಹಾಕುತ್ತೀರಿ?

ಪೆನ್ ಡ್ರೈವ್, ಎಸ್‌ಎಸ್‌ಡಿ ಎರಡರೊಳಗೂ ಇರುವುದು ಒಂದೇ ಜಾತಿಯ ಚಿಪ್. ನ್ಯಾಂಡ್ ಫ್ಲ್ಯಾಶ್ ಅಂತ ಹೆಸರು. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ ಅದನ್ನು 1987ರಲ್ಲಿ ಲೋಕಕ್ಕೆ ತೋರಿಸಿದರು. ಈ ಚಿಪ್ಪಿಗೆ ಒಂದು ಗುಣವಿದೆ. ಓದಿದರೆ ಹೆಚ್ಚೇನೂ ಸವೆಯುವುದಿಲ್ಲ. ಅಳಿಸಿ ಬರೆದಾಗಲೆಲ್ಲ ಒಂದಿಷ್ಟು ಸವೆಯುತ್ತದೆ. ಈಗ ಜಾಸ್ತಿ ಬಳಕೆಯಲ್ಲಿರುವ ಟಿಎಲ್‌ಸಿ ಜಾತಿಯ ಚಿಪ್ಪನ್ನು ಸಾಧಾರಣವಾಗಿ 1,000ದಿಂದ 3,000 ಸಲ ಅಳಿಸಿ ಬರೆಯಬಹುದು. ಇನ್ನೊಂದು ತೊಡಕೂ ಇದೆ. ಬರೆಯುವಾಗ ಚಿಕ್ಕ ಚಿಕ್ಕ ಪುಟಗಳಾಗಿ ಬರೆಯಬಹುದು, ಅಳಿಸುವಾಗ ಮಾತ್ರ ನೂರಾರು ಪುಟಗಳ ಇಡೀ ಬ್ಲಾಕನ್ನೇ ಅಳಿಸಬೇಕು.

ವ್ಯತ್ಯಾಸ ಇರುವುದು ಚಿಪ್ಪಿನ ಪಕ್ಕದಲ್ಲಿ ಕೂತು ಅದನ್ನು ನಡೆಸುವ ಕಂಟ್ರೋಲರ್‌ನಲ್ಲಿ. ಎಸ್‌ಎಸ್‌ಡಿಯ ಕಂಟ್ರೋಲರ್ ಲೆಕ್ಕದ ಪುಸ್ತಕ ಇಟ್ಟ ಶ್ಯಾನುಭೋಗರ ಹಾಗೆ. ಯಾವ ಬ್ಲಾಕ್ ಎಷ್ಟು ಸವೆದಿದೆ ನೋಡಿಕೊಂಡು ಹೊರೆ ಹಂಚುತ್ತದೆ, ಕೆಟ್ಟ ಬ್ಲಾಕಿನ ಬದಲಿಗೆ ಮೊದಲೇ ತೆಗೆದಿಟ್ಟ ಜಾಗ ಕೊಡುತ್ತದೆ, ಆರೋಗ್ಯ ಹೇಗಿದೆ ಅಂತ ಕೇಳಿದರೆ ಹೇಳುತ್ತದೆ. ಅಗ್ಗದ ಪೆನ್ ಡ್ರೈವ್‌ನ ಕಂಟ್ರೋಲರ್‌ಗೆ ಇಷ್ಟೆಲ್ಲ ವ್ಯವಧಾನವಿಲ್ಲ. ಅದನ್ನು ಮಾಡಿದ್ದೇ ಜೇಬಿನಲ್ಲಿಟ್ಟುಕೊಂಡು ಹೋಗಿ, ಫೈಲ್ ಹಾಕಿ, ತೆಗೆಯುವುದಕ್ಕೆ.

ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಅಕ್ಕನ ಮನೆಯದನ್ನೇ ಹೇಳುತ್ತೇನೆ. ಬಾಗಿಲಿಗೆ ಒಂದು ಕ್ಯಾಮರಾ. ಅದು ರೂಟರ್‌ನಲ್ಲಿರುವ 64 ಜಿಬಿ ಪೆನ್ ಡ್ರೈವ್‌ಗೆ ಹಗಲೂ ರಾತ್ರಿ ರೆಕಾರ್ಡ್ ಮಾಡುತ್ತಿತ್ತು. ಸೆಕೆಂಡಿಗೆ 2 ಮೆಗಾಬಿಟ್ ಅಂತ ಹಿಡಿಯಿರಿ (ಎಂಟು ಬಿಟ್ ಸೇರಿದರೆ ಒಂದು ಬೈಟ್). ದಿನಕ್ಕೆ 21.6 ಜಿಬಿ ಆಯಿತು. ಮೂರು ದಿನಕ್ಕೆ ಪೆನ್ ಡ್ರೈವ್ ತುಂಬಿತು, ಮತ್ತೆ ಮೊದಲಿಂದ. ವರ್ಷಕ್ಕೆ ಹತ್ತಿರ ಹತ್ತಿರ 7.9 ಟಿಬಿ, ಅಂದರೆ 7,900 ಜಿಬಿ. ಅದನ್ನು 64ರಿಂದ ಭಾಗಿಸಿದರೆ ವರ್ಷಕ್ಕೆ 120 ಚಿಲ್ಲರೆ ಸಲ ತುಂಬಿ ಅಳಿಸಿದ ಹಾಗೆ. ಸಾವಿರ ಸಲ ತಡೆಯುವ ಚಿಪ್ಪಿಗೆ ಅದೇನು ಮಹಾ, ಅಲ್ವಾ? ಅಕ್ಕನ ಮಗನೂ ಇದನ್ನೇ ಕೇಳಿದ. ಎಂಜಿನಿಯರಿಂಗ್ ಓದುವ ಹುಡುಗ, ಲೆಕ್ಕ ಸರಿಯಾಗಿಯೇ ಮಾಡಿದ್ದ.

ಕಾಗದದ ಮೇಲೆ ಸರಿ. ಆದರೆ ಕ್ಯಾಮರಾ ಬರೆಯುವುದು ವಿಡಿಯೊ ಒಂದನ್ನೇ ಅಲ್ಲ. ಪ್ರತಿ ತುಣುಕಿಗೂ ಒಂದು ಹೆಸರು, ವೇಳೆ, ಪಟ್ಟಿಯಲ್ಲಿ ಒಂದು ನಮೂದು. ಪೆನ್ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರುವ ಫ್ಯಾಟ್32 ವ್ಯವಸ್ಥೆಯಲ್ಲಿ ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ ಡಿಸ್ಕಿನ ಆರಂಭದ ಗೊತ್ತಾದ ಜಾಗದಲ್ಲಿರುತ್ತದೆ. ಫೈಲ್ ಬೆಳೆದ ಹಾಗೆ ಆ ಪಟ್ಟಿಯನ್ನೇ ಮತ್ತೆ ಮತ್ತೆ ತಿದ್ದಬೇಕು. ತಿದ್ದುವುದು ನಾಲ್ಕಾರು ಅಕ್ಷರ, ಅದಕ್ಕೆ ಸವೆಯುವುದು ಇಡೀ ಬ್ಲಾಕ್. ಹೊರೆ ಹಂಚಲು ಬಾರದ ಕಂಟ್ರೋಲರ್ ಇದ್ದರೆ ಕೆಲವು ಬ್ಲಾಕ್‌ಗಳು ಬೇಗ ಸಾಯುತ್ತವೆ, ಉಳಿದವು ಹೊಸದರ ಹಾಗೇ ಇರುತ್ತವೆ. ಆದರೆ ಪಟ್ಟಿಯೇ ಹೋದ ಮೇಲೆ ಉಳಿದದ್ದು ಇದ್ದೂ ಏನು ಪ್ರಯೋಜನ?

ಅಕ್ಕನ ಮನೆಯಲ್ಲಿ ಈಗ ಚಿಕ್ಕ ಸಾಟಾ ಎಸ್‌ಎಸ್‌ಡಿ (ಹಳೇ, ಸಾದಾ ಬಗೆಯದು) ಇದೆ, ಯುಎಸ್‌ಬಿ ಕೇಸಿಂಗ್‌ನಲ್ಲಿ ಹಾಕಿದ್ದು. ಎಸ್‌ಎಸ್‌ಡಿ ಮಾಡುವವರು ಒಟ್ಟು ಎಷ್ಟು ಬರೆಯಬಹುದು ಅಂತ ಒಂದು ಅಂಕಿ ಕೊಡುತ್ತಾರೆ. ಕಿಂಗ್‌ಸ್ಟನ್ ಎ400ನ 240 ಜಿಬಿಗೆ 80 ಟಿಬಿ. ಸ್ಯಾಮ್‌ಸಂಗ್ 870 ಇವೊದ 250 ಜಿಬಿಗೆ 150 ಟಿಬಿ. ಅಕ್ಕನ ಕ್ಯಾಮರಾದ ಲೆಕ್ಕದಲ್ಲಿ 80 ಟಿಬಿ ಅಂದರೂ ಹತ್ತು ವರ್ಷ. ಪೆನ್ ಡ್ರೈವ್‌ನ ಡಬ್ಬಿಯ ಮೇಲೆ ಇಂಥ ಅಂಕಿ ನಾನಂತೂ ಕಂಡಿಲ್ಲ.

ಕ್ಯಾಮರಾ ಇಲ್ಲದ ಮನೆಯಲ್ಲೂ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ರೂಟರ್‌ನಲ್ಲಿರುವ ಪೆನ್ ಡ್ರೈವ್‌ನ ದೀಪ ಮಿಣುಕುತ್ತದಾ ಅಂತ. ಮಿಣುಕುತ್ತಿದ್ದರೆ ಯಾರೋ ಬರೆಯುತ್ತಿದ್ದಾರೆ ಅಥವಾ ಓದುತ್ತಿದ್ದಾರೆ. ಹೆಚ್ಚಾಗಿ ಟಿವಿಗೆ ಹಾಡು, ಸಿನಿಮಾ ತೋರಿಸುವ ಮೀಡಿಯಾ ಸರ್ವರ್‌ನ ಕೆಲಸ ಅದು. ಎಲ್ಲ ಫೋಲ್ಡರ್ ಜಾಲಾಡಿ, ಪಟ್ಟಿ ಮಾಡಿ, ಆ ಪಟ್ಟಿಯನ್ನು ಅದೇ ಪೆನ್ ಡ್ರೈವ್‌ನಲ್ಲಿ ಇಡುತ್ತದೆ. ಬೇಡವಾದರೆ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ. ಕೆಲವು ರೂಟರ್‌ಗಳಲ್ಲಿ ಟೊರೆಂಟ್ ಇಳಿಸುವ ಸೌಲಭ್ಯವೂ ಇದೆ. ಪೆನ್ ಡ್ರೈವ್ ಮೇಲೆ ಅದನ್ನು ನಡೆಸಲೇಬೇಡಿ. ಟೊರೆಂಟ್ ತುಂಡು ತುಂಡಾಗಿ ಎಲ್ಲೆಲ್ಲೋ ಬರೆಯುತ್ತದೆ.

ಹಾಗಂತ ಪೆನ್ ಡ್ರೈವ್ ಕೆಲಸಕ್ಕೆ ಬಾರದ್ದು ಅಂತಲ್ಲ. ಭಜನೆ, ಹಳೇ ಹಾಡು, ಮದುವೆಯ ಫೋಟೊ, ಊರಿನ ಯಕ್ಷಗಾನದ ವಿಡಿಯೊ, ಇವನ್ನೆಲ್ಲ ಒಮ್ಮೆ ತುಂಬಿಸಿ ಟಿವಿಯಲ್ಲಿ ನೋಡುವುದಾದರೆ ಪೆನ್ ಡ್ರೈವ್ ಧಾರಾಳ ಸಾಕು. ನನ್ನ ಮನೆಯಲ್ಲೂ ಹಾಗೇ ಇದೆ. ಒಂದು ಮಾತು, ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಯಕ್ಷಗಾನದ ಇಡೀ ರಾತ್ರಿಯ ಆಟದ ರೆಕಾರ್ಡಿಂಗ್ ಆದರೆ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಎಂಬ ಬೇರೆ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳಿ. ನಿಮ್ಮ ರೂಟರ್ ಅದನ್ನು ಓದುತ್ತದಾ ಅಂತ ಮೊದಲೇ ನೋಡಿ.

ಇನ್ನು ವೇಗದ ವಿಷಯ. ಅಂಗಡಿಯವನು ಎನ್‌ವಿಎಂಇ (ತುಂಬಾ ವೇಗದ ಹೊಸ ಬಗೆಯ ಎಸ್‌ಎಸ್‌ಡಿ) ತಗೊಳ್ಳಿ, ಸೆಕೆಂಡಿಗೆ 3,000 ಎಂಬಿ ಅನ್ನುತ್ತಾನೆ. ನಿಮ್ಮ ರೂಟರ್‌ನ ಪೋರ್ಟ್ ಯುಎಸ್‌ಬಿ 2.0 ಆಗಿದ್ದರೆ 35-40 ಎಂಬಿಯಲ್ಲೇ ನಿಂತಿತು. ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟ್ 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್‌ನದ್ದಾದರೆ 12 ಎಂಬಿ ಕೂಡ ದಾಟುವುದಿಲ್ಲ. ಗಿಗಾಬಿಟ್ ಇದ್ದರೂ 125ರೊಳಗೇ. ಅದರ ಮೇಲೆ ರೂಟರ್‌ನ ಬಡಪಾಯಿ ಪ್ರೊಸೆಸರ್ ಬೇರೆ, ಫೈಲ್ ಹಂಚುವಾಗ ಏದುಸಿರು ಬಿಡುತ್ತದೆ. ಮೂಗಿಗಿಂತ ಮೂಗುತಿ ಭಾರ ಆಗುತ್ತದೆ ಅಷ್ಟೆ. ಎಲ್ಲಕ್ಕಿಂತ ಅಗ್ಗದ, ಹೆಸರಿರುವ ಕಂಪನಿಯ ಸಾಟಾ ಎಸ್‌ಎಸ್‌ಡಿ ಸಾಕು. ಹಳೇ ಲ್ಯಾಪ್‌ಟಾಪಿಂದ ತೆಗೆದದ್ದು ಇದ್ದರೆ ಇನ್ನೂ ಒಳ್ಳೆಯದು. ಆರೋಗ್ಯ ನೋಡಿಕೊಂಡು ಹಾಕಿ.

ಎನ್‌ವಿಎಂಇ ಬೇಡ ಅನ್ನಲು ಇನ್ನೊಂದು ಕಾರಣ ಕರೆಂಟು. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪ್ ಕೊಡಬೇಕು ಅಂತ ನಿಯಮ, ಅಂದರೆ 2.5 ವ್ಯಾಟ್. ಯುಎಸ್‌ಬಿ 3.0 ಆದರೆ 900 ಮಿಲಿಆಂಪ್, 4.5 ವ್ಯಾಟ್. ಎಷ್ಟೋ ರೂಟರ್‌ಗಳ ಜೊತೆ ಬರುವ ಅಡಾಪ್ಟರ್ 12 ವೋಲ್ಟ್, 1 ಆಂಪಿನದ್ದು. ಒಟ್ಟು 12 ವ್ಯಾಟಿನಲ್ಲಿ ವೈಫೈಯೂ ನಡೆಯಬೇಕು, ನಿಮ್ಮ ಡಿಸ್ಕೂ ನಡೆಯಬೇಕು. ಎನ್‌ವಿಎಂಇ ಬರೆಯುವಾಗ ಒಮ್ಮೆಲೇ ಜಾಸ್ತಿ ಎಳೆಯುತ್ತದೆ. ಆಗ ಡಿಸ್ಕ್ ಮಾಯವಾಗುತ್ತದೆ, ಮತ್ತೆ ಬರುತ್ತದೆ, ಕೆಲವೊಮ್ಮೆ ರೂಟರೇ ರೀಸ್ಟಾರ್ಟ್ ಆಗುತ್ತದೆ. ಜನ ಕೇಬಲ್‌ವಾಲಾನಿಗೆ ಫೋನ್ ಮಾಡಿ ಬೈಯುತ್ತಾರೆ. ಪಾಪ, ಅವನ ತಪ್ಪೇನಿಲ್ಲ. ಇಂಥ ಕಡೆ ಬೇರೆ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಿದರೆ ಸರಿಹೋಗುತ್ತದೆ.

ಯುಎಸ್‌ಬಿ 3.0ಗೆ ಇನ್ನೊಂದು ಕಿರಿಕಿರಿ ಇದೆ. ಅದು ಕೆಲಸ ಮಾಡುವಾಗ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ವೈಫೈ ಮೇಲೆ ಬೀಳುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಬರೆದು ಪ್ರಕಟಿಸಿತ್ತು. ಎಸ್‌ಎಸ್‌ಡಿ ಹಾಕಿದ ಮೇಲೆ ಒಳಗಿನ ಕೋಣೆಯಲ್ಲಿ ವೈಫೈ ಕುಂಟುತ್ತಿದ್ದರೆ ಚೆನ್ನಾಗಿ ಶೀಲ್ಡ್ ಆದ ಒಂದು ಗೇಣುದ್ದದ ಕೇಬಲ್ ಹಾಕಿ ಡಿಸ್ಕನ್ನು ಆಂಟೆನಾದಿಂದ ದೂರ ಇಡಿ. ಕೆಲವು ರೂಟರ್‌ಗಳಲ್ಲಿ ಪೋರ್ಟನ್ನು ಯುಎಸ್‌ಬಿ 2.0 ಆಗಿ ಇಳಿಸುವ ಆಯ್ಕೆಯೂ ಇರುತ್ತದೆ. ಇಳಿಸಿಬಿಡಿ. ಆ ವೇಗ ಹೇಗೂ ನಿಮಗೆ ಸಿಗುತ್ತಿರಲಿಲ್ಲ. ಪೆನ್ ಡ್ರೈವ್ ಆದರೂ ಕೇಬಲ್ ಒಳ್ಳೆಯದೇ. ನಮ್ಮ ಮೇ ತಿಂಗಳ ಸೆಖೆಯಲ್ಲಿ ರೂಟರ್‌ನ ಬೆನ್ನಿಗೇ ಅಂಟಿಕೊಂಡ ಪೆನ್ ಡ್ರೈವ್ ಮುಟ್ಟಿ ನೋಡಿ, ಗೊತ್ತಾಗುತ್ತದೆ.

ಕರೆಂಟ್ ಹೋಗುವ ವಿಷಯವನ್ನು ಪುರವಣಿ ಎತ್ತಲೇ ಇಲ್ಲ. ಮುಂಬಯಿ ಶಹರದವರಿಗೆ ಇದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಅಲ್ಲಿ 2020ರ ಅಕ್ಟೋಬರ್ 12ರಂದು ಕರೆಂಟ್ ಹೋದದ್ದು ದೇಶಕ್ಕೇ ಸುದ್ದಿಯಾಯಿತು. ನಮ್ಮ ಡೊಂಬಿವಲಿ ಕಡೆ ಮಳೆಗಾಲದಲ್ಲಿ ಅದು ಸುದ್ದಿಯೇ ಅಲ್ಲ. ಬರೆಯುತ್ತಿರುವಾಗ ಕರೆಂಟ್ ಹೋದರೆ ಫ್ಯಾಟ್32 ಕೆಡುವ ಸಂಭವ ಜಾಸ್ತಿ. ಲಿನಕ್ಸ್‌ನ ಇಎಕ್ಸ್‌ಟಿ4 ಥರದ ವ್ಯವಸ್ಥೆ ಏನು ಮಾಡುತ್ತಿದ್ದೇನೆ ಅಂತ ಮೊದಲೇ ಬರೆದಿಟ್ಟುಕೊಳ್ಳುವುದರಿಂದ ಚೇತರಿಸಿಕೊಳ್ಳುತ್ತದೆ. ರೂಟರ್ ಒಪ್ಪಿದರೆ ಎಸ್‌ಎಸ್‌ಡಿಯನ್ನು ಅದರಲ್ಲೇ ಫಾರ್ಮ್ಯಾಟ್ ಮಾಡಿ. ಮತ್ತೆ ರೂಟರ್‌ಗೆ ಅಂತಲೇ ಸಿಗುವ 12 ವೋಲ್ಟಿನ ಮಿನಿ ಯುಪಿಎಸ್ ಒಂದು ಹಾಕಿ. ಎಸ್‌ಎಸ್‌ಡಿಗೆ ಕೊಡುವ ದುಡ್ಡಿನಷ್ಟೇ ಉಪಯೋಗದ ದುಡ್ಡು ಅದು.

ಕೊಳ್ಳುವಾಗ ಒಂದು ಎಚ್ಚರ. ಸ್ಟೇಷನ್ನಿನ ಹೊರಗೆ ಐನೂರು ರೂಪಾಯಿಗೆ 2 ಟಿಬಿ ಪೆನ್ ಡ್ರೈವ್ ಸಿಗುತ್ತದಲ್ಲ, ಅದರಲ್ಲಿ 2 ಟಿಬಿ ಇರುವುದಿಲ್ಲ. ಇರುವ ನಾಲ್ಕಾರು ಜಿಬಿಯನ್ನೇ 2 ಟಿಬಿ ಅಂತ ಸುಳ್ಳು ಹೇಳಲು ಕಂಟ್ರೋಲರ್‌ಗೆ ಹೇಳಿಕೊಟ್ಟಿರುತ್ತಾರೆ. ಫೈಲ್ ಹೋದ ಹಾಗೆ ಕಾಣುತ್ತದೆ, ಹೆಸರೂ ಇರುತ್ತದೆ, ತೆರೆದರೆ ಏನೂ ಇಲ್ಲ. ಅಂಥ ಎಸ್‌ಎಸ್‌ಡಿಗಳೂ ಬಂದಿವೆ. ಬಿಚ್ಚಿದರೆ ಒಳಗೆ ಮೆಮೊರಿ ಕಾರ್ಡು, ತೂಕಕ್ಕೆ ಅಂತ ಕಬ್ಬಿಣದ ತುಂಡು. ಯಾವುದೇ ಹೊಸ ಡ್ರೈವ್ ತಂದರೂ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಎಫ್3 ಎಂಬ ಪುಕ್ಕಟೆ ತಂತ್ರಾಂಶ ಓಡಿಸಿ. ಪೂರ್ತಿ ತುಂಬಿಸಿ, ಮತ್ತೆ ಓದಿ ನೋಡುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿ.

ತುಂಬಾ ಹಳೇ ರೂಟರ್ ಇರುವವರು ಇನ್ನೊಂದು ನೋಡಿಕೊಳ್ಳಿ. ಅವು ಎಸ್‌ಎಂಬಿ 1 ಎಂಬ ಹಳೇ ವಿಧಾನದಲ್ಲಷ್ಟೇ ಫೈಲ್ ಹಂಚುತ್ತವೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ವೈರಸ್ ಹರಡಿದ್ದು ವಿಂಡೋಸ್‌ನ ಅದೇ ಬಾಗಿಲಿನಿಂದ. ಹೊಸ ವಿಂಡೋಸ್ ಅದನ್ನು ತಾನಾಗಿ ತೆರೆಯುವುದಿಲ್ಲ. ಬಲವಂತವಾಗಿ ತೆರೆಸುವ ಉಪಾಯಗಳು ಬೇಡ, ಅಂಥ ರೂಟರ್‌ಗೆ ಡಿಸ್ಕನ್ನೇ ಹಾಕಬೇಡಿ.

ಪುರವಣಿ ಓದಿ ಈಗಾಗಲೇ ಪೆನ್ ಡ್ರೈವ್ ಸಿಕ್ಕಿಸಿದವರಿಗೆ ಒಂದು ಮಾತು. ಸವೆದ ಪೆನ್ ಡ್ರೈವ್ ಎಷ್ಟೋ ಸಲ ಸಾಯುವ ಮುಂಚೆ ‘ರೈಟ್ ಪ್ರೊಟೆಕ್ಟೆಡ್’ ಅನ್ನುತ್ತದೆ. ಹೊಸದಾಗಿ ಏನೂ ಬರೆಯಲು ಬಿಡುವುದಿಲ್ಲ, ಇರುವುದನ್ನು ಓದಲು ಬಿಡುತ್ತದೆ. ಜನ ವೈರಸ್ ಅಂದುಕೊಂಡು ಫಾರ್ಮ್ಯಾಟ್ ಮಾಡಲು ಹೊರಡುತ್ತಾರೆ. ಮಾಡಬೇಡಿ. ಅದೇ ದಿನ ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಈಗಿನ ಪುಟಾಣಿ ಪೆನ್ ಡ್ರೈವ್ ಒಡೆದು ನೋಡಿದರೆ ಒಳಗೆ ಬೇರೆ ಬೇರೆ ಚಿಪ್ ಕಾಣುವುದೇ ಇಲ್ಲ. ಕಂಟ್ರೋಲರ್, ಮೆಮೊರಿ ಎಲ್ಲವನ್ನೂ ಸೇರಿಸಿ ಎರಕ ಹೊಯ್ದ ಒಂದೇ ಕಪ್ಪು ಬಿಲ್ಲೆ. ಪೂರ್ತಿ ಸತ್ತ ಮೇಲೆ ಅದರಿಂದ ಡೇಟಾ ತೆಗೆಯಬೇಕಾದರೆ ಆ ಬಿಲ್ಲೆಯ ಮೇಲ್ಪದರ ಕೆರೆದು, ಕೂದಲೆಳೆಯಂಥ ತಂತಿಗಳನ್ನು ಬೆಸುಗೆ ಹಾಕಬೇಕು. ಅದನ್ನು ಮಾಡುವ ಜನ ಲ್ಯಾಮಿಂಗ್ಟನ್ ರೋಡಿನಲ್ಲಿ ಇದ್ದಾರೆ. ಅವರು ಹೇಳುವ ರೇಟಿಗೆ ನಾಲ್ಕು ಎಸ್‌ಎಸ್‌ಡಿ ಬರುತ್ತದೆ.

ಇಂತಿ ನಿಮ್ಮ ಓದುಗ,
ಡೊಂಬಿವಲಿ ಪೂರ್ವ